ಗುಡ್ಡದ ಮೇಲಿನ ವೆಝಲೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿರುವ ವೆಝಲೆ ಎಂಬ ಪುಟ್ಟ ಹಳ್ಳಿಯ ಪರಿಚಯ ಲೇಖನ ಕಳೆದ ಸಂಚಿಕೆಯಲ್ಲಿ ಬಂದಿತ್ತು. ನಾನೂರು ಚಿಲ್ಲರೆ ಜನರ ಊರು, ಗುಡ್ಡದ ನೆತ್ತಿಯಲ್ಲಿ 12ನೇ ಶತಮಾನದ ಮಗ್ದಲೇನಾ ಮರಿಯಳ ಬೆಸಿಲಿಕಾ, ಸುತ್ತ ಹಳೆಯ ಕೋಟೆಗೋಡೆ, ಕೆಳಗಿನಿಂದ ಮೇಲಕ್ಕೆ ಹತ್ತುವ ಒಂದು ಬೀದಿ, 1979ರಿಂದ ಯುನೆಸ್ಕೊ ಪಟ್ಟಿಯಲ್ಲಿ ಜಾಗ. ಅದರ ಸಾರ ಇಷ್ಟು. ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಕೈ ಪಳಗಿದವರು, ಆ ಸೀಮೆಯನ್ನು ಚೆನ್ನಾಗಿ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನೂರು ಜನರ ಹಳ್ಳಿ ಅಷ್ಟು ದೊಡ್ಡ ಚರ್ಚನ್ನು ಹೇಗೆ ಸಾಕುತ್ತದೆ? ಖರ್ಚು ಯಾರದು, ಚರ್ಚಿನದೋ ಸರ್ಕಾರದ್ದೋ?
(ಡೊಂಬಿವಲಿಯ ಓದುಗರು)

ಉತ್ತರ: ಚರ್ಚಿನದಂತೂ ಅಲ್ಲ. ಫ್ರಾನ್ಸಿನಲ್ಲಿ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿದ 1905ರ ಕಾಯ್ದೆಯ ನಂತರ, ಅದಕ್ಕೆ ಮೊದಲೇ ಕಟ್ಟಿದ್ದ ಊರ ಚರ್ಚುಗಳು ಕಮ್ಯೂನಿನ ಆಸ್ತಿಯಾದವು. ಕಮ್ಯೂನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯ ಹಾಗಿನ ಸ್ಥಳೀಯ ಸಂಸ್ಥೆ, ತಲೆಯಲ್ಲಿ ಒಬ್ಬ ಮೇಯರ್. ಪಾದ್ರಿಗೂ ಭಕ್ತರಿಗೂ ಬಳಸುವ ಹಕ್ಕಿದೆ, ಬಾಡಿಗೆ ಇಲ್ಲ. ಹೆಂಚು ಒಡೆದರೆ ತಲೆಬಿಸಿ ಮೇಯರ್ ಸಾಹೇಬರಿಗೆ.

ಇಂಥ ಹಳ್ಳಿಯ ಬೊಕ್ಕಸದಿಂದ ಬೆಸಿಲಿಕಾದ ಒಂದು ಗೋಪುರಕ್ಕೆ ಅಟ್ಟಣಿಗೆ ಕಟ್ಟಲೂ ಆಗದು. ಆದ್ದರಿಂದ ಸಂರಕ್ಷಿತ ಸ್ಮಾರಕಗಳಿಗೆ ಕೇಂದ್ರದ ಸಂಸ್ಕೃತಿ ಇಲಾಖೆ ತನ್ನ ಪ್ರಾಂತೀಯ ಕಚೇರಿಯ ಮೂಲಕ ದೊಡ್ಡ ಪಾಲು ಕೊಡುತ್ತದೆ. ಪಾಲು ಎಷ್ಟೆಂಬುದು ಕಟ್ಟಡದ ದರ್ಜೆ ಮತ್ತು ಕೆಲಸದ ಬಗೆಯ ಮೇಲೆ ಹೋಗುತ್ತದೆ. ಉಳಿದದ್ದನ್ನು ಪ್ರಾಂತ, ಜಿಲ್ಲೆ, ದಾನಿಗಳು ತುಂಬುತ್ತಾರೆ. 1913ರ ಸ್ಮಾರಕ ಕಾಯ್ದೆಯ ಪ್ರಕಾರ ದರ್ಜೆ ಎರಡು. ಮೇಲಿನ ದರ್ಜೆಯ ಕಟ್ಟಡದಲ್ಲಿ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಕೆಳಗಿನ ದರ್ಜೆಯಲ್ಲಿ ನಿಯಮ ಸ್ವಲ್ಪ ಸಡಿಲ, ಹಣವೂ ಕಡಿಮೆ. ವೆಝಲೆಯ ಬೆಸಿಲಿಕಾ 1840ರ ಮೊಟ್ಟಮೊದಲ ಪಟ್ಟಿಯಲ್ಲೇ ಇತ್ತು. ಪಟ್ಟಿಗೆ ಸೇರದ ಸಣ್ಣಪುಟ್ಟ ಆಸ್ತಿಗಳಿಗೆ, ಅಂದರೆ ಬಟ್ಟೆ ಒಗೆಯುವ ಕೊಳ, ಊರೊಟ್ಟಿನ ಬ್ರೆಡ್ ಒಲೆ, ಖಾಸಗಿ ಮನೆಯ ಚಾವಣಿ ಇವಕ್ಕೆ, 1996ರ ಕಾಯ್ದೆಯಿಂದ ಹುಟ್ಟಿದ ಪರಂಪರೆ ಪ್ರತಿಷ್ಠಾನ ಚಂದಾ ಎತ್ತಿಕೊಡುತ್ತದೆ. 2018ರಿಂದ ಹಳೆಯ ಕಟ್ಟಡಗಳ ದುರಸ್ತಿಗೆಂದೇ ಲಾಟರಿಯೂ ಇದೆ. ಲಾಟರಿ ಹಣದಿಂದ ಚರ್ಚ್ ಉಳಿಸುವುದೇ ಎಂದು ಮೂಗು ಮುರಿಯುವವರು ಅಲ್ಲೂ ಇದ್ದಾರೆ. ಆದರೆ ಸೋರುವ ಚಾವಣಿಗೆ ಹಣದ ಜಾತಿ ಗೊತ್ತಾಗುವುದಿಲ್ಲ.

ಪ್ರಶ್ನೆ: ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ ವೆಝಲೆಯನ್ನು ಉಳಿಸಿದ ಎಂದು ಲೇಖನ ಹೇಳುತ್ತದೆ. ಅವನು ಹಳೆಯದನ್ನೆಲ್ಲ ಕೆಡಿಸಿದ ಎಂದು ಬೇರೆ ಕಡೆ ಓದಿದ್ದೆ. ಯಾವುದು ನಿಜ? ರಚನೆಯ ದೃಷ್ಟಿಯಿಂದ ವಿವರಿಸಿದರೆ ಒಳ್ಳೆಯದು.
(ಪುಣೆಯ ಕೋಥರೂಡಿನ ಸಿವಿಲ್ ಎಂಜಿನಿಯರ್)

ಉತ್ತರ: ಎರಡೂ ನಿಜ, ಆದರೆ ಸಮಸಮವಾಗಿ ಅಲ್ಲ.

ಮೊದಲು ರೋಗ ಏನಿತ್ತು ನೋಡೋಣ. ಬೆಸಿಲಿಕಾದ ನಡುಹಜಾರವನ್ನು ಸುಮಾರು 1120ರಿಂದ 1140ರ ನಡುವೆ ಕಟ್ಟಿದರು. ಅಡ್ಡಡ್ಡಲಾಗಿ ಅರ್ಧವೃತ್ತದ ದೊಡ್ಡ ಕಮಾನುಗಳು, ಒಂದು ಕಲ್ಲು ಬಿಳಿ, ಪಕ್ಕದ್ದು ಕಂದು. ಎರಡು ಕಮಾನುಗಳ ನಡುವೆ, ಪಕ್ಕೆಲುಬಿನಂಥ ಕಲ್ಲುಪಟ್ಟಿಗಳ ಆಧಾರವಿಲ್ಲದ ಕಲ್ಲಿನ ಚಾವಣಿ. ಅರ್ಧವೃತ್ತದ ಕಮಾನು ತನ್ನ ಭಾರವನ್ನು ನೇರ ಕೆಳಗಿಳಿಸುವುದಿಲ್ಲ, ಬದಿಗೂ ತಳ್ಳುತ್ತದೆ. ನುಣುಪು ನೆಲದ ಮೇಲೆ ಕಾಲು ಅಗಲಿಸಿ ನಿಂತ ಏಣಿ ಜಾರುವ ಹಾಗೆ ಕಮಾನಿನ ಎರಡು ತುದಿಗಳು ಹೊರಕ್ಕೆ ಸರಿಯಲು ನೋಡುತ್ತವೆ. ಚೂಪು ಕಮಾನಿನಲ್ಲಿ ಈ ತಳ್ಳು ಕಡಿಮೆ, ಅದನ್ನು ಬಳಸಿದ ಮುಂದಿನ ಕಾಲದ ಗಾಥಿಕ್ ಶೈಲಿ ಗೆದ್ದದ್ದಕ್ಕೆ ಇದೂ ಒಂದು ಕಾರಣ. ವೆಝಲೆಯಲ್ಲಿ ಗೋಡೆ ಎತ್ತರ, ಕಿಟಕಿ ದೊಡ್ಡದು, ಹೊರಗಿನಿಂದ ಆಸರೆ ಸಾಲದು. ಶತಮಾನಗಳು ಕಳೆದಂತೆ ಗೋಡೆಯ ತಲೆ ಹೊರಕ್ಕೆ ವಾಲಿತು, ಕಮಾನಿನ ನೆತ್ತಿ ಚಪ್ಪಟೆಯಾಯಿತು. ಚಪ್ಪಟೆಯಾದಷ್ಟೂ ತಳ್ಳು ಹೆಚ್ಚು, ತಳ್ಳು ಹೆಚ್ಚಾದಷ್ಟೂ ವಾಲು ಹೆಚ್ಚು. ಇದರ ಮೇಲೆ ಚಾವಣಿ ಸೋರಿ ಸಂದಿನ ಗಾರೆ ಕರಗಿತು. 1569ರ ಧರ್ಮಯುದ್ಧದಲ್ಲಿ ಲೂಟಿ, 1789ರ ಕ್ರಾಂತಿಯ ನಂತರ ಮಠದ ಕಟ್ಟಡಗಳ ಕಲ್ಲು ಮಾರಾಟ. 1834ರಲ್ಲಿ ಸ್ಮಾರಕಗಳ ತಪಾಸಣಾಧಿಕಾರಿ ಪ್ರಾಸ್ಪೆರ್ ಮೆರಿಮೆ ಬಂದು ನೋಡಿದಾಗ, ಇನ್ನೂ ತಡ ಮಾಡಿದರೆ ಕೆಡವುವುದೊಂದೇ ದಾರಿ ಎಂದು ವರದಿ ಬರೆದರು.

1840ರಲ್ಲಿ ಕೆಲಸ ವಹಿಸಿದ್ದು 26 ವರ್ಷದ ವಿಯೊಲೆ-ಲ-ದ್ಯುಕ್‌ಗೆ. ಅನುಭವ ಇಲ್ಲದವನಿಗೆ ಇಂಥ ಕಟ್ಟಡ ಕೊಡುವುದು ಇವತ್ತಾದರೆ ಯಾವ ಟೆಂಡರಿನಲ್ಲೂ ಪಾಸಾಗದು. ಕೆಲಸ 1859ರವರೆಗೆ ನಡೆಯಿತು. ಅವನು ಹಿಡಿದ ಕ್ರಮ ಗಮನಿಸಿ: ಮೊದಲು ಮರದ ಆಸರೆ ಕೊಟ್ಟು ಕಮಾನುಗಳನ್ನು ಹೊತ್ತುಕೊಂಡದ್ದು, ಆಮೇಲೆ ಕೆಟ್ಟ ಕಮಾನುಗಳನ್ನು ಬಿಚ್ಚಿ ಸರಿಯಾದ ವಕ್ರದಲ್ಲಿ ಮತ್ತೆ ಕಟ್ಟಿದ್ದು, ಹೊರಗೆ ಗೋಡೆಗೆ ಆತುಕೊಳ್ಳುವ ಹಾರುಕಮಾನುಗಳನ್ನು ಹೊಸದಾಗಿ ನಿಲ್ಲಿಸಿ ತಳ್ಳನ್ನು ನೆಲಕ್ಕಿಳಿಸಿದ್ದು, ಚಾವಣಿ ಮತ್ತು ಮಳೆನೀರಿನ ದಾರಿ ಸರಿಪಡಿಸಿದ್ದು. ಇಷ್ಟರ ಮಟ್ಟಿಗೆ ಅವನಿಗೆ ಕೈ ಮುಗಿಯಬೇಕು.

ತಕರಾರು ಶುರುವಾಗುವುದು ಮುಂದೆ. ನಡುಹಜಾರದ ಪೂರ್ವ ತುದಿಯಲ್ಲಿ ಮಧ್ಯಯುಗದಲ್ಲೇ ಗಾಥಿಕ್ ರೀತಿಗೆ ಬದಲಾಗಿದ್ದ ಕೆಲವು ಚಾವಣಿಗಳನ್ನು ಅವನು ತೆಗೆದು, ಉಳಿದವಕ್ಕೆ ಹೊಂದುವಂತೆ ಹಳೆಯ ಶೈಲಿಯಲ್ಲಿ ಕಟ್ಟಿದ. ಅಂದರೆ ಒಂದು ಕಾಲದ ಇತಿಹಾಸವನ್ನು ಅಳಿಸಿ ಒಂದೇ ಬಣ್ಣ ಬಳಿದ. ಮುಂಬಾಗಿಲ ಮೇಲಿನ ಅರ್ಧಚಂದ್ರ ಫಲಕ ಕ್ರಾಂತಿಯಲ್ಲಿ ಹಾಳಾಗಿತ್ತು, ಅಲ್ಲಿ 19ನೇ ಶತಮಾನದ ಹೊಸ ಕೆತ್ತನೆ ಕೂರಿಸಿದ. ಬಿಸಿಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ, ಬಹಳ ಪ್ರವಾಸಿಗರು ಅದನ್ನೇ ಮಧ್ಯಯುಗದ್ದೆಂದು ಫೋಟೊ ತೆಗೆದುಕೊಳ್ಳುತ್ತಾರೆ. ನಿಜವಾದ 12ನೇ ಶತಮಾನದ ಫಲಕ ಇರುವುದು ಮುಖಮಂಟಪ ದಾಟಿದ ಮೇಲೆ, ಒಳಬಾಗಿಲ ಮೇಲೆ. ತೀರಾ ಮುಕ್ಕಾದ ಬೋದಿಗೆಗಳ, ಅಂದರೆ ಕಂಬದ ತಲೆಯ ಕೆತ್ತನೆಗಲ್ಲುಗಳ, ಜಾಗಕ್ಕೆ ಪ್ರತಿಕೃತಿ ಇಟ್ಟ, ಆದರೆ ಮೂಲವನ್ನು ಬಿಸಾಡಲಿಲ್ಲ. ಅವು ಪಕ್ಕದ ಮಠದ ಹಳೆಯ ಮಲಗುಕೋಣೆಯಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಅಸಲನ್ನೂ ನಕಲನ್ನೂ ಹೋಲಿಸಿ ನೋಡಲು ಹೀಗೆ ಅನುಕೂಲ ಮಾಡಿಟ್ಟ ದುರಸ್ತಿಗಾರರು ಹೆಚ್ಚಿಲ್ಲ. ನಮ್ಮ ತೀರ್ಪು: ಅವನಿಲ್ಲದಿದ್ದರೆ ತಕರಾರು ಮಾಡಲು ಕಟ್ಟಡವೇ ಇರುತ್ತಿರಲಿಲ್ಲ. ಆದರೆ ಅವನ ಶೈಲಿಪ್ರೇಮವನ್ನು ಇಂದು ಯಾರೂ ಅನುಸರಿಸಬಾರದು.

ಪ್ರಶ್ನೆ: ಜೂನ್ ತಿಂಗಳಲ್ಲಿ ನೆಲದ ಮೇಲೆ ಬೆಳಕಿನ ದಾರಿ ಮೂಡುತ್ತದಂತೆ. ಎಷ್ಟು ಹೊತ್ತಿಗೆ ಹೋಗಿ ನಿಲ್ಲಬೇಕು?
(ಮಡಗಾಂವಿನ ಓದುಗರು)

ಉತ್ತರ: ಜೂನ್ 21ರ ಆಸುಪಾಸು, ಮಧ್ಯಾಹ್ನ 1 ಗಂಟೆ 45 ನಿಮಿಷದ ಹೊತ್ತಿಗೆ. 12 ಗಂಟೆಗೆ ಅಲ್ಲ. ಹಲವರು ಇಲ್ಲೇ ಎಡವುತ್ತಾರೆ, ಗಡಿಯಾರದ 12ಕ್ಕೆ ಹೋಗಿ ಬೆಳಕು ಓರೆಯಾಗಿದೆ ಎಂದು ವಾಪಸಾಗುತ್ತಾರೆ.

ಬೇಕಾದದ್ದು ಸೂರ್ಯ ನೆತ್ತಿಗೆ ಬರುವ ಕ್ಷಣ. ಬೇಸಿಗೆಯಲ್ಲಿ ಫ್ರಾನ್ಸಿನ ಗಡಿಯಾರ ಗ್ರೀನ್‌ವಿಚ್‌ಗಿಂತ 2 ಗಂಟೆ ಮುಂದೆ. ವೆಝಲೆ ಇರುವುದು ಪೂರ್ವ ರೇಖಾಂಶ 3.7 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 15 ನಿಮಿಷ ಕಳೆಯಿರಿ. ಆ ದಿನಗಳಲ್ಲಿ ಸೂರ್ಯ ಒಂದೆರಡು ನಿಮಿಷ ತಡ, ಅದನ್ನು ಕೂಡಿಸಿ. 1 ಗಂಟೆ 47 ನಿಮಿಷ ಬರುತ್ತದೆ. ಆಗ ದಕ್ಷಿಣದ ಮೇಲಿನ ಕಿಟಕಿಗಳಿಂದ ಇಳಿದ ಬೆಳಕು ಹಜಾರದ ನಡುಗೆರೆಯ ಮೇಲೆ ಒಂದರ ಹಿಂದೊಂದು ತುಂಡುತುಂಡಾಗಿ ಬಿದ್ದು, ಬಾಗಿಲಿನಿಂದ ಪೀಠದ ಕಡೆಗೆ ಸಾಲಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ತಗ್ಗಿರುವುದರಿಂದ ಅದೇ ಬೆಳಕು ಎದುರಿನ ಉತ್ತರ ಗೋಡೆಯ ಮೇಲಿನ ಬೋದಿಗೆಗಳಿಗೆ ಬಡಿಯುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ನೂಕುನುಗ್ಗಲು ಕಂಡವರಿಗೆ ಇಲ್ಲಿನ ಜನ ಕಡಿಮೆ ಅನ್ನಿಸಬಹುದು. ಆದರೂ 1 ಗಂಟೆಗೇ ಒಳಗಿರಿ, ಬದಿಯ ಕಂಬದ ಬಳಿ ನಿಲ್ಲಿ. ನಡುಗೆರೆಯ ಮೇಲೆ ನಿಂತವರು ಎಲ್ಲರಿಗೂ ಅಡ್ಡ. ಮೋಡವಿದ್ದರೆ ಬೇಸರ ಬೇಡ, 21ರಂದೇ ಆಗಬೇಕೆಂದಿಲ್ಲ. ಅದರ ಹಿಂದುಮುಂದಿನ ನಾಲ್ಕಾರು ದಿನ ಸೂರ್ಯನ ಎತ್ತರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ.

ಪ್ರಶ್ನೆ: ಶಿಲ್ಪಗಳಲ್ಲಿ ಏನನ್ನು ಬಿಡದೆ ನೋಡಬೇಕು? ಕ್ರೈಸ್ತ ಕಥೆಗಳು ಗೊತ್ತಿಲ್ಲದವರಿಗೆ ಅರ್ಥವಾಗುತ್ತವೆಯೇ?
(ಮಾಟುಂಗಾದ ನಿವೃತ್ತ ಶಿಕ್ಷಕಿ)

ಉತ್ತರ: ಬೇಲೂರು–ಹಳೇಬೀಡನ್ನು ನೋಡಿದ ಕಣ್ಣಿಗೆ ಕಷ್ಟವೇನಿಲ್ಲ. ಎರಡು ಜಾಗದಲ್ಲಿ ಹೊತ್ತು ಕೊಡಿ.

ಒಂದು, ಒಳಬಾಗಿಲ ಮೇಲಿನ ಅರ್ಧಚಂದ್ರ ಫಲಕ. ನಡುವೆ ದೊಡ್ಡ ಕ್ರಿಸ್ತ, ಬೆರಳುಗಳಿಂದ ಹೊರಟ ಕಿರಣಗಳು ಶಿಷ್ಯರ ತಲೆ ಮುಟ್ಟುತ್ತವೆ. ಲೋಕಕ್ಕೆಲ್ಲ ಹೋಗಿ ಸಾರಿ ಎಂಬ ಅಪ್ಪಣೆ. ಲೋಕ ಎಂದರೆ ಯಾರ್ಯಾರು ಎಂದು 12ನೇ ಶತಮಾನದವರು ಊಹಿಸಿದ್ದರು ಎನ್ನುವುದು ಅದರ ಕೆಳಗಿನ ಪಟ್ಟಿಯಲ್ಲೂ ಸುತ್ತಲಿನ ಚೌಕಗಳಲ್ಲೂ ಇದೆ: ನಾಯಿತಲೆಯ ಮನುಷ್ಯರು, ಮೊರದಗಲ ಕಿವಿಯವರು, ಕುದುರೆ ಹತ್ತಲು ಏಣಿ ಇಟ್ಟುಕೊಂಡ ಕುಳ್ಳರು. ಇಂಥ ವಿಚಿತ್ರ ಜನರೆಲ್ಲ ಭಾರತದ ಕಡೆ ಇದ್ದಾರೆಂದು ಗ್ರೀಕ್ ಬರಹಗಾರರ ಕಾಲದಿಂದ ಅಲ್ಲಿ ನಂಬಿಕೆ ಇತ್ತು. ನಮ್ಮ ಪೂರ್ವಜರ ಭಾವಚಿತ್ರ ಎಂದುಕೊಂಡು ನಗಬಹುದು. ಹೊರಗಿನ ಕಮಾನುಪಟ್ಟಿಯಲ್ಲಿ ದುಂಡು ಚೌಕಟ್ಟುಗಳೊಳಗೆ ಹನ್ನೆರಡು ರಾಶಿ, ಜೊತೆಗೆ ತಿಂಗಳು ತಿಂಗಳ ರೈತಾಪಿ ಕೆಲಸ. ಇದನ್ನು ಓದಲು ಬೈಬಲ್ ಬೇಕಿಲ್ಲ, ಪಂಚಾಂಗ ಗೊತ್ತಿದ್ದರೆ ಸಾಕು.

ಇನ್ನೊಂದು, ಹಜಾರದ ಬಲಗಡೆಯ ಬೋದಿಗೆಗಳಲ್ಲಿರುವ ಗಿರಣಿ. ಗಿಡ್ಡ ಅಂಗಿಯ ಒಬ್ಬ ಮೇಲಿನಿಂದ ಕಾಳು ಸುರಿಯುತ್ತಿದ್ದಾನೆ, ಅವನು ಮೋಶೆ. ನಡುವೆ ಗಿರಣಿಯ ಚಕ್ರ, ಅದರ ಅರಗಳು ಶಿಲುಬೆಯ ಆಕಾರ. ಕೆಳಗೆ ಬಾಗಿ ಚೀಲ ಒಡ್ಡಿ ಹಿಟ್ಟು ಹಿಡಿಯುತ್ತಿರುವವನು ಪೌಲ. ಹಳೆಯ ಒಡಂಬಡಿಕೆಯ ಕಾಳನ್ನು ಕ್ರಿಸ್ತನೆಂಬ ಗಿರಣಿ ಬೀಸಿ ಹೊಸ ಒಡಂಬಡಿಕೆಯ ಹಿಟ್ಟು ಮಾಡಿತು ಎಂಬ ತರ್ಕ. ಅದನ್ನು ಪಕ್ಕಕ್ಕಿಟ್ಟರೂ ಸರಿ. ಹಿಟ್ಟು ಚೆಲ್ಲದ ಹಾಗೆ ಚೀಲದ ಬಾಯಿ ಅಗಲಿಸಿದ ಕೈ, ಬೆನ್ನಿನ ಬಾಗು, ಬಟ್ಟೆಯ ನೆರಿಗೆ ಮೊಣಕಾಲಿನಲ್ಲಿ ಸುತ್ತಿಕೊಂಡ ರೀತಿ, ಇವನ್ನು ನೋಡಿ. ಬೋದಿಗೆಗಳು ತಲೆಗಿಂತ ಬಹಳ ಮೇಲಿವೆ. ಸಣ್ಣ ದುರ್ಬೀನು ಒಯ್ಯಿರಿ, ಟಾರ್ಚ್ ಬೇಡ. ನೇರ ಬೆಳಕು ಉಬ್ಬುತಗ್ಗನ್ನು ಚಪ್ಪಟೆ ಮಾಡುತ್ತದೆ, ಓರೆ ಬಿಸಿಲೇ ಚೆಂದ.

ಪ್ರಶ್ನೆ: ಗಾಂಧೀಜಿ ವೆಝಲೆಯಲ್ಲಿ ರೊಮಾ ರೋಲಾ ಅವರ ಅತಿಥಿಯಾಗಿದ್ದರೇ?
(ಪುಣೆಯ ಓದುಗರು)

ಉತ್ತರ: ಇಲ್ಲ. 1931ರ ಡಿಸೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತು ಮುಗಿಸಿ ಬರುವಾಗ ಗಾಂಧೀಜಿ ಭೇಟಿಯಾದದ್ದು ಸ್ವಿಟ್ಜರ್‌ಲೆಂಡಿನ ವಿಲ್‌ನೆವ್‌ನಲ್ಲಿ. ರೋಲಾ ವೆಝಲೆಗೆ ಬಂದು ನೆಲೆಸಿದ್ದು ಆ ದಶಕದ ಕೊನೆಗೆ, ತೀರಿಕೊಂಡದ್ದು ಅಲ್ಲೇ, 1944ರ ಡಿಸೆಂಬರ್ 30ರಂದು. ಗಾಂಧಿ, ರಾಮಕೃಷ್ಣ, ವಿವೇಕಾನಂದರ ಬಗ್ಗೆ ಬರೆದು ಯುರೋಪಿಗೆ ಪರಿಚಯಿಸಿದ ಈ ಲೇಖಕರ ಮನೆ ಏರುಬೀದಿಯಲ್ಲೇ ಇದೆ. ಈಗ ಅದು ಆಧುನಿಕ ಚಿತ್ರಕಲೆಯ ಝೆರ್ವೋಸ್ ವಸ್ತುಸಂಗ್ರಹಾಲಯ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹೊರಡುವ ಮೊದಲು ವೇಳೆ ನೋಡಿಕೊಳ್ಳಿ.

ಪ್ರಶ್ನೆ: ಮಗ ಫ್ರಾನ್ಸಿನಲ್ಲಿ ಕೆಲಸದಲ್ಲಿದ್ದಾನೆ. ಹಳ್ಳಿಯೊಂದರಲ್ಲಿ ಚರ್ಚಿನ ಹತ್ತಿರ ಹಳೆಯ ಕಲ್ಲುಮನೆ ಅಗ್ಗಕ್ಕೆ ಸಿಗುತ್ತಿದೆ. ಕಿಟಕಿ ಬದಲಿಸಲೂ ಅನುಮತಿ ಬೇಕೆಂದು ನೆರೆಯವರು ಹೆದರಿಸುತ್ತಿದ್ದಾರಂತೆ. ಏನು ಎಚ್ಚರ ಬೇಕು?
(ಠಾಣೆಯ ಓದುಗರು)

ಉತ್ತರ: ನೆರೆಯವರು ಸರಿಯಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಇದೆಯಲ್ಲ, ಹಾಗೆ ಅಲ್ಲಿ 1943ರಿಂದ 500 ಮೀಟರಿನ ವಲಯ ಇದೆ. ಆ ಸುತ್ತಳತೆಯೊಳಗೆ, ಸ್ಮಾರಕದಿಂದ ಕಾಣುವ ಅಥವಾ ಸ್ಮಾರಕದ ಜೊತೆಗೆ ಒಂದೇ ನೋಟಕ್ಕೆ ಬೀಳುವ ಮನೆಯ ಹೊರಮೈ ಬದಲಿಸಬೇಕಾದರೆ ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಕೆಲವು ಊರುಗಳಲ್ಲಿ ವೃತ್ತದ ಬದಲು ನಕ್ಷೆಯಲ್ಲೇ ಗಡಿ ಎಳೆದಿರುತ್ತಾರೆ. ಮನೆ ಒಳಗೋ ಹೊರಗೋ ಎಂದು ಮೇಯರ್ ಕಚೇರಿಯಲ್ಲಿ ಮುಂಗಡ ಕೊಡುವ ಮೊದಲೇ ಕೇಳಲಿ.

ಕಿಟಕಿ, ಬಾಗಿಲು, ಹೆಂಚು, ಗೋಡೆಯ ಬಣ್ಣ, ಸೋಲಾರ್ ಫಲಕ, ಏಸಿಯ ಹೊರಡಬ್ಬಿ ಇವೆಲ್ಲ ಅರ್ಜಿಗೆ ಬರುತ್ತವೆ. ಮಾಮೂಲಿ ಅರ್ಜಿಗೆ 1 ತಿಂಗಳು, ಸಂರಕ್ಷಿತ ವಲಯದಲ್ಲಿ 2 ತಿಂಗಳು. ಬಿಳಿ ಪ್ಲಾಸ್ಟಿಕ್ ಕಿಟಕಿ ಬಹುಪಾಲು ತಿರಸ್ಕೃತವಾಗುತ್ತದೆ, ಮರದ್ದು, ಸಣ್ಣ ಗಾಜಿನ ವಿಭಾಗಗಳಿರುವುದು ಪಾಸಾಗುತ್ತದೆ. ಖರ್ಚಿನ ಅಂದಾಜಿನಲ್ಲಿ ಇದನ್ನು ಮೊದಲೇ ಸೇರಿಸಲಿ, ಅಗ್ಗದ ಮನೆ ದುಬಾರಿಯಾಗುವುದೇ ಇಲ್ಲಿ. ಬಹುಪಾಲು ಜಿಲ್ಲೆಗಳಲ್ಲಿ ವಾಸ್ತುಸಲಹೆಯ ಸಾರ್ವಜನಿಕ ಕಚೇರಿ ಇರುತ್ತದೆ, ಮನೆಮಾಲೀಕರಿಗೆ ಪುಕ್ಕಟೆ. ನಕ್ಷೆ ಮಾಡಿಸುವ ಮೊದಲು ಅಲ್ಲಿ ಒಂದು ಗಂಟೆ ಕೂತರೆ ಎರಡನೇ ಅರ್ಜಿ ತಪ್ಪುತ್ತದೆ.

ಮಾರುವವರು ತಪಾಸಣಾ ವರದಿಗಳನ್ನು ಕೊಡಲೇಬೇಕು. 1949ಕ್ಕೆ ಮೊದಲಿನ ಮನೆಗೆ ಸೀಸದ ಬಣ್ಣದ ವರದಿ, 1997ರ ಜುಲೈಗೆ ಮೊದಲು ಪರವಾನಗಿ ಪಡೆದದ್ದಕ್ಕೆ ಆಸ್ಬೆಸ್ಟಾಸ್ ವರದಿ, ಆಯ್ದ ಪ್ರದೇಶಗಳಲ್ಲಿ ಗೆದ್ದಲು, ಊರ ಒಳಚರಂಡಿಗೆ ಸೇರದ ಮನೆಗೆ ಶೌಚಗುಂಡಿ. ಕೊನೆಯದನ್ನು ಕಡೆಗಣಿಸುವವರೇ ಹೆಚ್ಚು. ಗುಂಡಿ ನಿಯಮಕ್ಕೆ ತಕ್ಕಂತಿಲ್ಲದಿದ್ದರೆ ಕೊಂಡವರು 1 ವರ್ಷದೊಳಗೆ ಸರಿಪಡಿಸಬೇಕು. ವರದಿಗಳಲ್ಲಿ ಇಲ್ಲದ್ದನ್ನು ಮಗನೇ ನೋಡಲಿ: ಅಟ್ಟ ಹತ್ತಿ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಲಿ. ಮೆತ್ತಗೆ ಇಳಿದರೆ ಅಲ್ಲಿ ನೀರು ಬಹಳ ವರ್ಷದಿಂದ ಇಳಿಯುತ್ತಿದೆ.

ಪ್ರಶ್ನೆ: ಲೇಖನದಲ್ಲಿ ಅಲ್ಲಿನ ಮನೆಗಳ ಗೋಡೆಗೆ ಇಂದಿಗೂ ಸುಣ್ಣದ ಗಾರೆಯೇ ಬಳಸುತ್ತಾರೆ ಎಂದಿದೆ. ನಮ್ಮದು ಮುರಕಲ್ಲಿನ ಹಳೆಯ ಮನೆ. ಸಿಮೆಂಟ್ ಗಿಲಾವು ಮಾಡಿಸಿದ ಮೇಲೆ ಕೆಳಗಿನ ಮೂರು ಅಡಿ ಉಬ್ಬಿ, ಬಿಳಿ ಪುಡಿ ಬಿಟ್ಟು ಉದುರುತ್ತಿದೆ. ಅವರ ಕ್ರಮ ಇಲ್ಲಿಗೆ ಹೊಂದುತ್ತದೆಯೇ?
(ಗೋವಾದ ಫೋಂಡಾದ ಓದುಗರು. ಇದೇ ಅರ್ಥದ ಇನ್ನೂ ಕೆಲವು ಪತ್ರಗಳು ಗೋವಾದಿಂದಲೇ ಬಂದಿವೆ.)

ಉತ್ತರ: ತತ್ವ ಒಂದೇ, ಪಾಕ ಬೇರೆ.

ಹಳೆಯ ಗೋಡೆಗೆ ತಳದಲ್ಲಿ ತೇವತಡೆ ಪದರ ಇರುವುದಿಲ್ಲ. ನೆಲದ ನೀರು ಕಲ್ಲಿನ ಸಣ್ಣ ರಂಧ್ರಗಳ ಮೂಲಕ ಏರುತ್ತದೆ, ಬರ್ಗಂಡಿಯ ಸುಣ್ಣಕಲ್ಲಿರಲಿ, ಫೋಂಡಾದ ಮುರಕಲ್ಲಿರಲಿ. ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಆರಲು ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ, ಆದ್ದರಿಂದ ನೀರು ಇನ್ನೂ ಮೇಲೇರುತ್ತದೆ. ಅದರ ಜೊತೆ ಬಂದ ಲವಣ ಗಿಲಾವಿನ ಬೆನ್ನಿಗೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ನಿಮಗೆ ಕಾಣುವ ಬಿಳಿ ಪುಡಿ ಅದೇ. ಮತ್ತೆ ಸಿಮೆಂಟ್ ಬಳಿದರೆ ರೋಗ ಮೂರಡಿಯಿಂದ ಐದಡಿಗೆ ಹೋಗುತ್ತದೆ. ‘ವಾಟರ್‌ಪ್ರೂಫ್’ ಬಣ್ಣವೂ ಅದೇ ದಾರಿ.

ಮೊದಲ ಕೆಲಸ ಗೋಡೆಯದ್ದಲ್ಲ, ನೀರಿನದ್ದು. ಚಾವಣಿಯ ಮಳೆನೀರು ಹರಿಯುವ ದೋಣಿ ಸೋರುತ್ತಿದೆಯೇ, ಸೂರಿನ ನೀರು ಗೋಡೆಯ ಬುಡಕ್ಕೆ ಎರಚುತ್ತಿದೆಯೇ ನೋಡಿ. ಹೊರಗಿನ ಮಣ್ಣು ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ವರ್ಷವರ್ಷ ಅಂಗಳ ಏರಿ ಈ ಅಂತರ ಮಾಯವಾಗಿರುತ್ತದೆ. ಗೋಡೆಗೆ ಅಂಟಿಸಿದ ಕಾಂಕ್ರೀಟ್ ಪಟ್ಟಿ ಇದ್ದರೆ ತೆಗೆದು, ಒಂದಡಿ ಅಗಲ ಜಲ್ಲಿ ತುಂಬಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರಿನ ಚರಂಡಿ ಮಾಡಿ. ಗೋವಾದ ಮಳೆಗೆ ಚರಂಡಿಯಿಲ್ಲದ ಜಲ್ಲಿ ಬರೀ ನೀರಿನ ತೊಟ್ಟಿ.

ಮಳೆ ನಿಂತ ಮೇಲೆ ಗಿಲಾವು ತೆಗೆಯಿರಿ. ತೇವದ ಗೆರೆಗಿಂತ ಎರಡಡಿ ಮೇಲಿನವರೆಗೆ, ಉಳಿ ಸುತ್ತಿಗೆಯಿಂದ. ವಿದ್ಯುತ್ ಬ್ರೇಕರ್ ಹಾಕಿದರೆ ಮುರಕಲ್ಲಿನ ಮೈಯೇ ಕಿತ್ತು ಬರುತ್ತದೆ. ಉಪ್ಪಿನ ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ, ಕೆಳಗೆ ಹಾಳೆ ಹಾಸಿ ಎತ್ತಿ ಹೊರಗೆ ಎಸೆಯಿರಿ. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಆಮೇಲೆ ಆರಲು ಬಿಡಿ. ದಪ್ಪ ಗೋಡೆ ಇಂಚಿಗೆ ಒಂದು ತಿಂಗಳ ಲೆಕ್ಕದಲ್ಲಿ ಆರುತ್ತದೆ ಎಂಬುದು ಮೇಸ್ತ್ರಿಗಳ ಅಂದಾಜು. ನವೆಂಬರಿನಲ್ಲಿ ತೆಗೆದು ಜನವರಿ ಕೊನೆಗೆ ಗಿಲಾವು ಶುರು ಮಾಡುವುದು ಕನಿಷ್ಠ. ತಾಳ್ಮೆಯಿದ್ದರೆ ಮುಂದಿನ ಬೇಸಿಗೆ.

ಫ್ರಾನ್ಸಿನಲ್ಲಿ ನೀರಿನಲ್ಲೇ ಗಟ್ಟಿಯಾಗುವ ಬಗೆಯ ಸುಣ್ಣ ಚೀಲದಲ್ಲಿ ಸಿಗುತ್ತದೆ, 1 ಪಾಲಿಗೆ 2.5 ಪಾಲು ಮರಳು ಹಾಕುತ್ತಾರೆ. ನಮ್ಮಲ್ಲಿ ಅದೇ ಗುಣ ಕೊಡುವುದು ಸುರ್ಖಿ. ಅರಳಿಸಿ, ಸೋಸಿ, ನೀರಿನಡಿಯಲ್ಲಿ ಮೂರು ತಿಂಗಳಾದರೂ ಹಣ್ಣಾದ ಸುಣ್ಣದ ಮುದ್ದೆ 1 ಪಾಲು, ಸುರ್ಖಿ 1 ಪಾಲು, ತೊಳೆದ ಹೊಳೆಮರಳು 2 ಪಾಲು. ಸುರ್ಖಿಗೆ ಅರೆಬೆಂದ ಇಟ್ಟಿಗೆಯ ನಯವಾದ ಪುಡಿ ಬೇಕು. ಗಟ್ಟಿಯಾಗಿ ಬೆಂದ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಕೂಡುವುದಿಲ್ಲ, ಬರೀ ಬಣ್ಣ ಕೊಡುತ್ತದೆ. ಸಮುದ್ರದ ಉಪ್ಪುನೀರು ನುಗ್ಗುವ ಖಾರಿಯ ಮರಳು ಹಾಕಿದರೆ ಕಷ್ಟಪಟ್ಟು ತೆಗೆದ ಉಪ್ಪನ್ನು ದುಡ್ಡು ಕೊಟ್ಟು ವಾಪಸು ತಂದಂತೆ.

ಸಂದುಗಳನ್ನು 20–25 ಮಿ.ಮೀ. ಆಳಕ್ಕೆ ಕೆರೆದು, ಗೋಡೆಗೆ ಹಿಂದಿನ ಸಂಜೆಯೂ ಬೆಳಿಗ್ಗೆಯೂ ನೀರು ಚಿಮುಕಿಸಿ. ಮೈ ಒದ್ದೆಯಿರಬೇಕು, ನೀರು ಇಳಿಯುತ್ತಿರಬಾರದು. ಸಂದು ತುಂಬಿದ ಮೇಲೆ ಒಂದು ಪದರಕ್ಕೆ 10–12 ಮಿ.ಮೀ. ಮೀರಬೇಡಿ. ಒಮ್ಮೆಗೇ ಇಂಚು ದಪ್ಪ ಬಳಿದರೆ ಬಿರುಕು ಖಾತ್ರಿ. ಮೊದಲ ಪದರ ಹದಕ್ಕೆ ಬಂದಾಗ ಕರಣಿಯ ಮೂಲೆಯಿಂದ ಗೀರು ಹಾಕಿ, ವಾರವಾದರೂ ಬಿಟ್ಟು ಎರಡನೆಯದು. ಪ್ರತಿ ಪದರಕ್ಕೂ ಒದ್ದೆ ಗೋಣಿ ಇಳಿಬಿಟ್ಟು ಏಳು ದಿನ ತಂಪು ಕಾಪಾಡಿ. ಫ್ರಾನ್ಸಿನಲ್ಲಿ ಈ ಕೆಲಸದ ಶತ್ರು ಹಿಮ, 5 ಡಿಗ್ರಿಗಿಂತ ಕೆಳಗೆ ಕೆಲಸ ನಿಲ್ಲಿಸುತ್ತಾರೆ. ಇಲ್ಲಿ ಶತ್ರು ಒಣಗಾಳಿ ಮತ್ತು ಬಿಸಿಲು. ಬೇಗ ಒಣಗಿದ ಸುಣ್ಣ ಬೆರಳಿಗೆ ಹಿಟ್ಟಾಗಿ ಬರುತ್ತದೆ, ಎಷ್ಟು ದಿನ ಬಿಟ್ಟರೂ ಗಟ್ಟಿಯಾಗದು. ಮೇಲೆ ಹಾಲಿನ ಹದದ ತೆಳು ಸುಣ್ಣ, ನಾಲ್ಕೈದು ಸಾರಿ. ಎಮಲ್ಷನ್ ಬಣ್ಣ ಬೇಡವೇ ಬೇಡ.

ಇನ್ನೊಂದು ಮಾತು. ಗಿಲಾವು ಕಿತ್ತು ಕಲ್ಲನ್ನು ತೆರೆದಿಡುವ ಫ್ಯಾಷನ್ ಫ್ರಾನ್ಸಿನ ಹಳ್ಳಿಗಳನ್ನೂ ಗೋವಾವನ್ನೂ ಒಂದೇ ಸಲಕ್ಕೆ ಹಿಡಿದಿದೆ. ಒರಟು ಕಲ್ಲಿನ ಗೋಡೆಗಳನ್ನು ಕಟ್ಟಿದವರು ಗಿಲಾವಿಗೆಂದೇ ಕಟ್ಟಿದ್ದು. ಗಾಳಿಮಳೆಗೆ ಮುಖ ಮಾಡಿದ ಮುರಕಲ್ಲಿನ ಗೋಡೆಯನ್ನು ಬೆತ್ತಲೆ ಬಿಡಬೇಡಿ.

ಪ್ರಶ್ನೆ: ಫೋಟೊಗಳಲ್ಲಿ ಹಳೆಯ ಮನೆಗಳ ಎಷ್ಟೋ ಕಿಟಕಿಗಳು ಕಲ್ಲಿನಿಂದ ಮುಚ್ಚಿರುವುದು ಏಕೆ?
(ಚಿಂಚವಾಡದ ಓದುಗರು)

ಉತ್ತರ: ತೆರಿಗೆ. 1798ರಿಂದ 1926ರವರೆಗೆ ಬಾಗಿಲು ಕಿಟಕಿಗಳ ಲೆಕ್ಕದಲ್ಲಿ ತೆರಿಗೆ ಇತ್ತು. ಆದರೆ ಮುಚ್ಚಿದ ಕಿಟಕಿಯೆಲ್ಲ ತೆರಿಗೆಯದಲ್ಲ. ಮೊದಲಿಂದಲೇ ಅಂದಕ್ಕಾಗಿ ಸುಳ್ಳು ಕಿಟಕಿ ಬಿಡಿಸಿದ್ದೂ ಉಂಟು. ಚೌಕಟ್ಟಿಗೂ ಒಳಗಿನ ಕಲ್ಲಿಗೂ ನಡುವೆ ನೇರ ಸಂದು ಇದ್ದು, ತುಂಬಿದ ಕಲ್ಲಿನ ಗಾತ್ರ ಬೇರೆಯಾಗಿದ್ದರೆ ನಂತರ ಮುಚ್ಚಿದ್ದು ಎನ್ನಬಹುದು.

ಪ್ರಶ್ನೆ: ಮಂಗಳೂರು ಹೆಂಚಿನ ಮೂಲ ಫ್ರಾನ್ಸ್ ಎನ್ನುವುದು ನಿಜವೇ? ವೆಝಲೆಯ ಚಾವಣಿಗಳಲ್ಲಿ ಆ ಹೆಂಚು ಕಾಣಲಿಲ್ಲವಲ್ಲ?
(ವಾಸ್ಕೋದ ಓದುಗರು)

ಉತ್ತರ: ನಿಜ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಆಲ್ಸೇಸ್ ಸೀಮೆಯ ಆಲ್ಟ್‌ಕರ್ಚ್ ಎಂಬ ಸಣ್ಣ ಊರಿನ ಗಿಲಾರ್ಡೋನಿ ಸಹೋದರರು. ಮಾರ್ಸೇಲಿನ ಕಾರ್ಖಾನೆಗಳು ಅದನ್ನು ಹಡಗಿಗೆ ಹಾಕಿ ದೇಶದೇಶಕ್ಕೆ ಕಳಿಸಿದವು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿ–ಗುರುಪುರ ನದಿಗಳ ಜೇಡಿಮಣ್ಣಿನಿಂದ ಅದೇ ಜಾತಿಯ ಹೆಂಚು ಮಾಡಿಸಿದ. ಗೋವಾದ, ಮುಂಬಯಿಯ ಹಳೆಯ ಚಾವಣಿಗಳಿಗೆ ಬಂದದ್ದು ಹೀಗೆ.

ವೆಝಲೆಯಲ್ಲಿರುವುದು ಇದಕ್ಕಿಂತ ಹಳೆಯ ಬಗೆ: ಸುಮಾರು 17 × 27 ಸೆಂ.ಮೀ. ಅಳತೆಯ ಚಪ್ಪಟೆ ಹೆಂಚು. ಕೊಂಡಿ ಇಲ್ಲದ ಕಾರಣ ಒಂದರ ಮೇಲೊಂದು ಬಹಳ ಏರಿ ಕೂರಬೇಕು, ಮೂರನೇ ಒಂದು ಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಚದರ ಮೀಟರಿಗೆ 60ರಿಂದ 70 ಬೇಕು, ಮಂಗಳೂರು ಹೆಂಚಾದರೆ 15ರ ಆಸುಪಾಸು ಸಾಕು. ಚಪ್ಪಟೆ ಹೆಂಚಿನ ಚಾವಣಿ ಕಡಿದಾಗಿ, 45 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇರುವುದು ಹಿಮಕ್ಕೆ ಮಾತ್ರವಲ್ಲ. ಇಳಿಜಾರು ಕಡಿಮೆಯಾದರೆ ನೀರು ಸಂದಿನಲ್ಲಿ ಹಿಂದಕ್ಕೆ ಏರಿ ಒಳಗೆ ಬರುತ್ತದೆ. ತೊಲೆಗಳು ಹೊರಬೇಕಾದ ಭಾರವೂ ಹೆಚ್ಚುಕಡಿಮೆ ಇಮ್ಮಡಿ. ಆ ಸೀಮೆಯಲ್ಲೂ 19ನೇ ಶತಮಾನದ ಕೊಟ್ಟಿಗೆ, ರೈಲ್ವೆ ಕಟ್ಟಡಗಳ ಮೇಲೆ ಕೊಂಡಿ ಹೆಂಚು ಇದೆ. ಗುರುತು ಹಿಡಿಯಲು ನಿಮಗೆ ಯಾರ ಸಹಾಯವೂ ಬೇಡ.

ಪ್ರಶ್ನೆ: ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ? ನಾವು ಹಿರಿಯರು, ಸಸ್ಯಾಹಾರಿಗಳು.
(ಮುಲುಂಡಿನ ದಂಪತಿ)

ಉತ್ತರ: ಹೋಗಿ ಬರಬಹುದು, ಆದರೆ ಶಿಫಾರಸು ಮಾಡುವುದಿಲ್ಲ. ಪ್ಯಾರಿಸ್–ಬೆರ್ಸಿ ನಿಲ್ದಾಣದಿಂದ ಸೆರ್ಮಿಝೆಲ್–ವೆಝಲೆಗೆ ರೈಲಿದೆ, ಸುಮಾರು ಎರಡೂವರೆ ಗಂಟೆ, ಕೆಲವು ರೈಲುಗಳಿಗೆ ನಡುವೆ ಬದಲಾವಣೆ. ನಿಲ್ದಾಣದಿಂದ ಊರು ಇನ್ನೂ 10 ಕಿ.ಮೀ. ಟ್ಯಾಕ್ಸಿಯನ್ನು ಹಿಂದಿನ ದಿನವೇ ಹೇಳಿಡಿ, ನಿಲ್ದಾಣದ ಹೊರಗೆ ಕಾದು ನಿಂತಿರುವುದಿಲ್ಲ. ಒಂದು ರಾತ್ರಿ ಉಳಿದರೆ ಸಂಜೆ ಬಸ್ಸಿನ ಪ್ರವಾಸಿಗರು ಹೋದ ಮೇಲೆ ಬೆಸಿಲಿಕಾ ನಿಮ್ಮದೇ. ಪ್ರವೇಶ ಉಚಿತ. ಅಲ್ಲಿನ ಸನ್ಯಾಸಿ–ಸನ್ಯಾಸಿನಿಯರು ಹಾಡುವ ಪ್ರಾರ್ಥನೆಗೆ ಕೂರಬಹುದು, ಆ ಹೊತ್ತಿನಲ್ಲಿ ಅಡ್ಡಾಡುವಂತಿಲ್ಲ.

ಏರುಬೀದಿ ಕಡಿದು, ಕಲ್ಲುಹಾಸು. ಮಳೆ ಬಂದರೆ ಜಾರುತ್ತದೆ, ರಬ್ಬರ್ ಅಟ್ಟೆಯ ಷೂ ಹಾಕಿ. ಮಂಡಿನೋವಿದ್ದರೆ ಟ್ಯಾಕ್ಸಿಯನ್ನು ಆದಷ್ಟು ಮೇಲಿನವರೆಗೆ ಬಿಡಲು ಕೇಳಿ, ನಡೆದು ಇಳಿಯಿರಿ. ಮಧ್ಯಾಹ್ನದ ಊಟ 12ರಿಂದ 2ರೊಳಗೆ, ಆಮೇಲೆ ಅಡುಗೆಮನೆ ಮುಚ್ಚುತ್ತದೆ. ಜೂನಿನ ಬೆಳಕು ನೋಡುವವರು 12ಕ್ಕೇ ಉಣ್ಣಬೇಕು. ಆಮ್ಲೆಟ್ ಸಸ್ಯಾಹಾರವೆಂದೇ ಅವರ ಲೆಕ್ಕ, ಸೂಪಿನಲ್ಲಿ ಮಾಂಸದ ಸಾರು ಇರಬಹುದು, ಕೇಳಿಯೇ ತಿನ್ನಿ. ಬೇಕರಿಯ ಬ್ರೆಡ್ಡು, ಚೀಸು, ಹಣ್ಣು ಎಲ್ಲೂ ಸಿಗುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಅಂಗಡಿಗಳು ಮುಚ್ಚಿರುವುದು ಸಾಮಾನ್ಯ, ಆ ಎರಡು ದಿನ ಬಿಟ್ಟು ಟಿಕೆಟ್ ತೆಗೆಯಿರಿ.